ಡಾಕ್ಟರ ಬಾಯಿಗೆ ಬೀಗ ಯಾರ ಲಾಭಕ್ಕೆ?

ರೋಗರುಜಿನದ ವಿಚಾರದಲ್ಲಿ ಸುಳ್ಳು ಹಬ್ಬಿಸುವವರನ್ನು ಜೈಲಿಗೆ ಹಾಕುತ್ತೇವೆಂದು ಸರಕಾರ ಹೇಳಿದರೆ ಬೇಡವೆನ್ನುವವರು ಯಾರು? ಸಕ್ಕರೆ ಕಾಯಿಲೆಯನ್ನು ಬುಡಸಮೇತ ಕಿತ್ತೊಗೆಯುವ ಪುಡಿ ಬಂದಿದೆಯೆಂದು ನಂಬಿ, ಸರಕಾರಿ ದವಾಖಾನೆಯ ಗುಳಿಗೆ ಬಿಟ್ಟು, ಕೊನೆಗೆ ಕಾಲು ಕೊಯ್ಯಿಸಿಕೊಂಡು ಮೂಲೆ ಹಿಡಿದವರನ್ನು ನಮ್ಮ ಓಣಿಗಳು ಕಂಡಿವೆ. ಅಂಥವರ ಮನೆಗೆ ಹೋಗಿ ವಾಕ್‌ಸ್ವಾತಂತ್ರ್ಯದ ಉಪದೇಶ ಮಾಡಿದರೆ ಅವರು ನಮ್ಮನ್ನು ಹೊಸಿಲಿನಿಂದ ಹೊರಗೆ ಹಾಕಿಯಾರು. ಹಾಕಿದರೂ ತಪ್ಪಿಲ್ಲ.

ಆದರೂ 2025ರ ಜೂನ್ ತಿಂಗಳಲ್ಲಿ ಕರ್ನಾಟಕ ಸರಕಾರದ ತಪ್ಪು ಮಾಹಿತಿ ಹಾಗೂ ಸುಳ್ಳು ಸುದ್ದಿ ನಿಷೇಧ ಮಸೂದೆಯ ಕರಡು ಹೊರಬಿದ್ದಾಗ, ದುಡಿಯುವ ಜನರು ಅದನ್ನು ಒಮ್ಮೆ ಓದಿಸಿ ಕೇಳಬೇಕಾಗಿತ್ತು. ಸಾರ್ವಜನಿಕ ಆರೋಗ್ಯಕ್ಕೆ, ಸುರಕ್ಷತೆಗೆ, ಶಾಂತಿಗೆ, ಚುನಾವಣೆಗೆ ಧಕ್ಕೆ ತರುವ ತಪ್ಪು ಮಾಹಿತಿ ಕೊಟ್ಟವರಿಗೆ ಎರಡು ವರ್ಷಕ್ಕೆ ಕಡಮೆಯಿಲ್ಲದ, ಐದು ವರ್ಷದವರೆಗಿನ ಸಜೆ. ಸಾಮಾಜಿಕ ಜಾಲತಾಣದ ಸುಳ್ಳು ಸುದ್ದಿಗೆ ಏಳು ವರ್ಷದವರೆಗೆ ಸಜೆ, ಹತ್ತು ಲಕ್ಷ ರೂಪಾಯಿಯವರೆಗೆ ದಂಡ. ಇದನ್ನೆಲ್ಲ ನೋಡಿಕೊಳ್ಳಲು ಒಂದು ಪ್ರಾಧಿಕಾರ. ಅದರ ಅಧ್ಯಕ್ಷಸ್ಥಾನದಲ್ಲಿ ಮಂತ್ರಿ, ಜೊತೆಗೆ ವಿಧಾನಮಂಡಲದ ಸದಸ್ಯರು, ಜಾಲತಾಣದ ಕಂಪನಿಗಳ ಪ್ರತಿನಿಧಿಗಳು, ಕಾರ್ಯದರ್ಶಿಯಾಗಿ ಒಬ್ಬ ಐ.ಎ.ಎಸ್. ಅಧಿಕಾರಿ. ಆರೋಗ್ಯದ ಮಾತು ಸುಳ್ಳೋ ನಿಜವೋ ಎಂದು ನೋಡುವ ಈ ಕೂಟದಲ್ಲಿ ಡಾಕ್ಟರಿಗೆ ಕುರ್ಚಿಯಿಲ್ಲ, ಕಂಪನಿಗೆ ಇದೆ! ಎಲ್ಲೆಡೆ ಗದ್ದಲವೆದ್ದ ಮೇಲೆ ಇದಿನ್ನೂ ಕರಡು, ಚರ್ಚೆಯಾಗಬೇಕು ಎಂದು ಸರಕಾರದವರು ಸಮಾಧಾನ ಹೇಳಿದರು. ಆದರೆ ವಿಧಾನಸೌಧದ ಮೇಜಿನ ಖಾನೆಗೆ ಹೋದ ಕರಡು ಯಾವಾಗ, ಯಾವ ಹೆಸರಿನಲ್ಲಿ ಹೊರಬಂದೀತೆಂದು ಹೇಳಲು ಬಾರದು. ಈಗಿನ ಮಂತ್ರಿಗಳು ಒಳ್ಳೆಯವರೆಂದೇ ಇಟ್ಟುಕೊಳ್ಳೋಣ. ಕಾಯಿದೆಯ ಆಯುಷ್ಯ ಮಂತ್ರಿಯ ಆಯುಷ್ಯಕ್ಕಿಂತ ದೊಡ್ಡದು.

ನಮ್ಮ ತಕರಾರು ಇಷ್ಟೆ. ಕಾಯಿಲೆಯ ವಿಚಾರದಲ್ಲಿ ಮೂರು ಬಗೆಯ ಮಾತುಗಳಿವೆ. ಮಾಲು ಮಾರಲು ಆಡುವ ಮಾತು ಒಂದು. ಬಾಗಿಲು ಮುಚ್ಚಿಕೊಂಡು ರೋಗಿಯೊಬ್ಬನಿಗೆ ಡಾಕ್ಟರು ಹೇಳುವ ಮಾತು ಇನ್ನೊಂದು. ಕಂಪನಿ, ಸರಕಾರ ಅಥವಾ ತನ್ನದೇ ವೃತ್ತಿಯವರು ತಪ್ಪು ಮಾಡುತ್ತಿದ್ದಾರೆಂದು ಡಾಕ್ಟರು ಬೀದಿಯಲ್ಲಿ ನಿಂತು ಕೂಗಿ ಹೇಳುವ ಮಾತು ಮೂರನೆಯದು. ಮೊದಲಿನ ಎರಡಕ್ಕೆ ಕಟ್ಟುಪಾಡು ಬೇಕು. ಮೂರನೆಯದಕ್ಕೆ ರಕ್ಷಣೆ ಬೇಕು. ನಮ್ಮ ದೇಶದಲ್ಲಿ ನಡೆಯುತ್ತಿರುವುದು ಇದರ ತಿರುವುಮುರುವು.

ಯಾವುದು ಸತ್ಯವೆಂದು ಸರಕಾರ ತೀರ್ಮಾನಿಸಲಿ ಎನ್ನುವವರಿಗೆ ಚಾಮರಾಜನಗರವನ್ನು ನೆನಪು ಮಾಡಿಕೊಡಬೇಕಾಗಿದೆ. 2021ರ ಮೇ 2 ಮತ್ತು 3ರ ನಡುವೆ ಅಲ್ಲಿಯ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ಸತ್ತರು. ಆಮ್ಲಜನಕವಿಲ್ಲದೆ ಸತ್ತವರು ಮೂವರು ಮಾತ್ರವೆಂದು ಆಗಿನ ಆರೋಗ್ಯ ಮಂತ್ರಿ ಹೇಳಿದರು. ಹೈಕೋರ್ಟು ನೇಮಿಸಿದ ಸಮಿತಿ ಆಸ್ಪತ್ರೆಗೆ ಹೋಗಿ ದಾಖಲೆಗಳನ್ನು ತೆಗೆಸಿ ನೋಡಿತು. ಆಮ್ಲಜನಕದ ಕೊರತೆಯೇ ಸಾವುಗಳನ್ನು ತಂದಿತೆಂದು ವರದಿ ಕೊಟ್ಟಿತು. ಆ ಎರಡು ದಿನ ಅಲ್ಲಿಯ ಒಬ್ಬ ನರ್ಸಮ್ಮ "ಇಲ್ಲಿ ಗಾಳಿ ಇಲ್ಲ, ಮಂದಿ ಸಾಯುತ್ತಿದ್ದಾರೆ" ಎಂದು ಫೋನಿನಲ್ಲಿ ನಾಲ್ಕು ಸಾಲು ಬರೆದಿದ್ದರೆ, ಈ ಕರಡಿನ ಲೆಕ್ಕದಲ್ಲಿ ಜೈಲಿಗೆ ಹೋಗಬೇಕಾದವರು ಯಾರು? ಮಂತ್ರಿಯೋ, ನರ್ಸಮ್ಮನೋ? ಅದೇ 2021ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು, ಆಮ್ಲಜನಕವಿಲ್ಲ, ಹಾಸಿಗೆಯಿಲ್ಲವೆಂದು ಜಾಲತಾಣದಲ್ಲಿ ಗೋಳು ತೋಡಿಕೊಳ್ಳುವವರ ಮೇಲೆ ಸುಳ್ಳು ಮಾಹಿತಿಯೆಂಬ ನೆಪದಲ್ಲಿ ಕೈಮಾಡಕೂಡದೆಂದು ಸರಕಾರಗಳನ್ನು ಎಚ್ಚರಿಸಬೇಕಾಗಿ ಬಂತು. ದೇಶದ ಅತಿ ದೊಡ್ಡ ನ್ಯಾಯಾಲಯ ಇಷ್ಟನ್ನು ಬಾಯಿಬಿಟ್ಟು ಹೇಳಬೇಕಾಯಿತೆಂದರೆ, ಕೈಮಾಡುವ ಚಟ ಎಷ್ಟಿತ್ತೆಂದು ತಿಳಿಯಬಹುದು.

ಸರಕಾರದ ಮಾತು ಎಲ್ಲ ಸಲ ಸುಳ್ಳಾಗಿರಬೇಕೆಂದೇನೂ ಇಲ್ಲ. ಸದುದ್ದೇಶದಿಂದ ಹೇಳಿದ್ದೂ ತಪ್ಪಾಗುತ್ತದೆ. ಕೋವಿಡ್ ಗುಣವಾದವರ ರಕ್ತದ ಪ್ಲಾಸ್ಮಾವನ್ನು ರೋಗಿಗೆ ಕೊಡುವ ಪದ್ಧತಿಯನ್ನೇ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರೇ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪರೀಕ್ಷೆ ಮಾಡಿ, ಇದರಿಂದ ಸಾವು ತಪ್ಪುವುದಿಲ್ಲವೆಂದು 2020ರ ಅಕ್ಟೋಬರಿನಲ್ಲಿ ಪ್ರಕಟಿಸಿದರು. ಚಿಕಿತ್ಸೆಯ ಪಟ್ಟಿಯಿಂದ ಅದನ್ನು ತೆಗೆದದ್ದು 2021ರ ಮೇ ತಿಂಗಳಲ್ಲಿ. ನಡುವಿನ ಏಳು ತಿಂಗಳು ಮಂದಿ ಪ್ಲಾಸ್ಮಾಕ್ಕಾಗಿ ಊರೂರು ಓಡಿದರು, ಸಾಲ ಮಾಡಿದರು. ಆ ಏಳು ತಿಂಗಳಲ್ಲಿ "ಇದು ಉಪಯೋಗವಿಲ್ಲ, ದುಡ್ಡು ಹಾಳುಮಾಡಿಕೊಳ್ಳಬೇಡಿರಿ" ಎಂದ ಡಾಕ್ಟರು ಸರಕಾರಿ ಪಟ್ಟಿಯ ವಿರುದ್ಧ ಮಾತಾಡಿದವನೇ ಸರಿ. ಬಡವನ ದುಡ್ಡು ಉಳಿಸಿದವನೂ ಅವನೇ.

ಇನ್ನು ನಮ್ಮ ಮಗ್ಗುಲಿನ ಬಳ್ಳಾರಿ. 2024ರ ನವೆಂಬರಿನಲ್ಲಿ ಅಲ್ಲಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದವರಲ್ಲಿ ಐವರು ಬಾಣಂತಿಯರು ಕೆಲವೇ ವಾರಗಳೊಳಗೆ ತೀರಿಕೊಂಡರು. ಹಸುಗೂಸುಗಳು ತಬ್ಬಲಿಯಾದವು. ಅನುಮಾನ ಹೋದದ್ದು ಅವರ ನರಕ್ಕೆ ಏರಿಸಿದ ರಿಂಗರ್ಸ್ ಲ್ಯಾಕ್ಟೇಟ್ ಎಂಬ ಸಲಾಯಿನಿನ ಮೇಲೆ. ಸರಕಾರ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು, ಸಲಾಯಿನು ಮಾಡಿದ ಪಶ್ಚಿಮ ಬಂಗಾಳದ ಕಂಪನಿಯನ್ನು ಕಪ್ಪು ಪಟ್ಟಿಗೆ ಸೇರಿಸಿತು. ಆದರೆ ಇಲ್ಲಿ ಓದುಗರು ಗಮನಿಸಬೇಕಾದ ಸಂಗತಿ ಬೇರೆಯಿದೆ. ಅದೇ ಕಂಪನಿಯ ಕೆಲವು ಬ್ಯಾಚುಗಳನ್ನು ರಾಜ್ಯದ ಪ್ರಯೋಗಾಲಯ ಮೊದಲೇ ಕಳಪೆಯೆಂದಿತ್ತು. ಕೇಂದ್ರದ ಪ್ರಯೋಗಾಲಯ ಅವುಗಳಲ್ಲಿ ಕೆಲವನ್ನು ಸರಿಯಿದೆಯೆಂದು ತೇರ್ಗಡೆ ಮಾಡಿತು. ಎರಡೂ ಸರಕಾರದ ಪ್ರಯೋಗಾಲಯಗಳೇ, ಎರಡೂ ಮೊಹರು ಹಾಕಿದ ಕಾಗದಗಳೇ! ಈ ಎರಡು ಕಾಗದಗಳ ನಡುವೆ ನಿಂತ ಒಬ್ಬ ಚಿಕ್ಕ ಡಾಕ್ಟರು, "ಈ ಬಾಟಲಿ ಏರಿಸಿದ ಮೇಲೆ ನಡುಕ ಬರುತ್ತಿದೆ, ಉಳಿದ ಆಸ್ಪತ್ರೆಯವರು ಎಚ್ಚರ" ಎಂದು ನಾಲ್ಕು ಜನಕ್ಕೆ ಹೇಳಿದ್ದರೆ, ಅದು ಮಾಹಿತಿಯೋ ತಪ್ಪು ಮಾಹಿತಿಯೋ? ಯಾವ ಮಂತ್ರಿಯ ಪ್ರಾಧಿಕಾರ ಅದನ್ನು ಮೂರು ದಿನದಲ್ಲಿ ತೀರ್ಮಾನಿಸೀತು? ಬಾಣಂತಿಗೆ ಮೂರು ದಿನದ ವ್ಯವಧಾನವಿರಲಿಲ್ಲ.

ಸರಕಾರಿ ಡಾಕ್ಟರಿಗೆ ಹೊಸ ಕಾಯಿದೆಯ ಭಯ ಬೇರೆ ಬೇಕಾಗಿಯೇ ಇಲ್ಲವೆನ್ನಿ. ರಾಜ್ಯದ ನೌಕರರ 2021ರ ನಡತೆ ನಿಯಮಗಳೇ ಅವರ ಬಾಯಿಗೆ ಸಾಕಷ್ಟು ದೊಡ್ಡ ಬಟ್ಟೆ. ಸರಕಾರದ ನೀತಿಯನ್ನು ಟೀಕಿಸಿದರೆ ನೋಟೀಸು, ಅಮಾನತು, ಇಲ್ಲವೆ ದೂರದ ಊರಿಗೆ ವರ್ಗ. ಆಂಧ್ರದಲ್ಲಿ ನರ್ಸೀಪಟ್ಟಣದ ಸರಕಾರಿ ಆಸ್ಪತ್ರೆಯ ಅರಿವಳಿಕೆ ತಜ್ಞ ಡಾ. ಸುಧಾಕರ ರಾವ್ ಅವರು 2020ರ ಏಪ್ರಿಲಿನಲ್ಲಿ ಡಾಕ್ಟರುಗಳಿಗೆ ಮುಖಕವಚವಿಲ್ಲವೆಂದು ಬಹಿರಂಗವಾಗಿ ಹೇಳಿದರು. ಅಮಾನತಾದರು. ಮರುತಿಂಗಳು ವಿಶಾಖಪಟ್ಟಣದ ಬೀದಿಯಲ್ಲಿ ಪೊಲೀಸರು ಅವರ ಕೈಕಟ್ಟಿ ಎಳೆದಾಡಿದ್ದನ್ನು ಇಡೀ ದೇಶ ನೋಡಿತು. ಮರುವರ್ಷ ಅವರು ತೀರಿಕೊಂಡರು. ಚೀನದ ವುಹಾನಿನಲ್ಲಿ ಹೊಸ ಜ್ವರದ ಬಗ್ಗೆ ಗೆಳೆಯರಿಗೆ ಎಚ್ಚರಿಕೆ ಬರೆದ ಲಿ ವೆನ್ಲಿಯಾಂಗ್ ಎಂಬ ಕಣ್ಣಿನ ಡಾಕ್ಟರನ್ನು ಅಲ್ಲಿಯ ಪೊಲೀಸರು 2020ರ ಜನವರಿ 3ರಂದು ಠಾಣೆಗೆ ಕರೆಸಿ, ಸುಳ್ಳು ಹಬ್ಬಿಸಿದೆಯೆಂದು ತಪ್ಪೊಪ್ಪಿಗೆಗೆ ರುಜು ಹಾಕಿಸಿಕೊಂಡರು. ಫೆಬ್ರುವರಿ 7ರಂದು ಅದೇ ಜ್ವರ ಅವರನ್ನು ತೆಗೆದುಕೊಂಡಿತು. ಆ ದೇಶ ತನ್ನನ್ನು ಸಮಾಜವಾದಿಯೆಂದು ಕರೆದುಕೊಳ್ಳುತ್ತದೆ. ಕರೆದುಕೊಳ್ಳಲಿ. ಡಾಕ್ಟರ ಕೈಹಿಡಿದು ರುಜು ಹಾಕಿಸುವ ಸಮಾಜವಾದ ನಮ್ಮದಲ್ಲ.

ಸರಕಾರದ ಬೀಗ ಒಂದಾದರೆ ಕಂಪನಿಯ ಬೀಗ ಇನ್ನೊಂದು. ಇದು ನಮ್ಮ ರಾಜಧಾನಿಯಲ್ಲಿಯೇ ನಡೆದದ್ದು. ಕೇರಳದ ಯಕೃತ್ತಿನ ರೋಗಗಳ ತಜ್ಞ ಡಾ. ಸಿರಿಯಾಕ್ ಆಬಿ ಫಿಲಿಪ್ಸ್ ಅವರು ಗಿಡಮೂಲಿಕೆಯ ಔಷಧಗಳಿಂದ ಯಕೃತ್ತಿಗೆ ಆಗುವ ಹಾನಿಯ ಬಗ್ಗೆ ಜಾಲತಾಣದಲ್ಲಿ ಬರೆಯುತ್ತಿದ್ದರು. ಬೆಂಗಳೂರಿನ ಹಿಮಾಲಯ ವೆಲ್‌ನೆಸ್ ಕಂಪನಿಯ ಲಿವ್ 52 ಎಂಬ ಔಷಧದ ಮೇಲೂ ಬರೆದರು. ಕಂಪನಿ ಮಾನಹಾನಿಯೆಂದು ಬೆಂಗಳೂರಿನ ಸಿವಿಲ್ ಕೋರ್ಟಿಗೆ ಹೋಯಿತು. 2023ರ ಸೆಪ್ಟೆಂಬರಿನಲ್ಲಿ ಕೋರ್ಟು ಡಾಕ್ಟರ ಮಾತನ್ನು ಕೇಳುವ ಮೊದಲೇ, ಒಂದೇ ಪಕ್ಷದ ವಾದದ ಮೇಲೆ, ಆಜ್ಞೆ ಮಾಡಿತು. ಅವರ ಖಾತೆಯೇ ಭಾರತದಲ್ಲಿ ಕಾಣದಂತಾಯಿತು. ಅಕ್ಟೋಬರ್ 10ರಂದು ಹೈಕೋರ್ಟು ಖಾತೆಯನ್ನು ಮರಳಿ ತೆರೆಸಿತು, ಆದರೆ ಕಂಪನಿಯ ಬಗೆಗಿನ ಬರಹಗಳನ್ನು ಮುಚ್ಚಿಡಬೇಕೆಂಬ ಷರತ್ತಿನ ಮೇಲೆ. ಆ ಔಷಧ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ಈ ವಾರಪತ್ರಿಕೆಗೆ ಯೋಗ್ಯತೆಯಿಲ್ಲ. ಅದು ಡಾಕ್ಟರುಗಳು, ಔಷಧ ಶಾಸ್ತ್ರಜ್ಞರು ಅಂಕಿಸಂಖ್ಯೆ ಇಟ್ಟುಕೊಂಡು ಜಗಳವಾಡಬೇಕಾದ ವಿಷಯ. ಅವರ ಬರಹ ತಪ್ಪಾಗಿದ್ದರೆ ಪರೀಕ್ಷೆಯ ಕಾಗದ ತಂದು ಎದುರಿಗೆ ಹಾಕುವುದು ಕಂಪನಿಗೆ ಕಷ್ಟವಿತ್ತೇ? ಸತ್ಯವನ್ನು ಸಾರ್ವಜನಿಕ ಹಿತಕ್ಕಾಗಿ ಹೇಳಿದರೆ ಮಾನಹಾನಿಯಾಗದೆಂದು ಕಾನೂನಿನಲ್ಲಿದೆ, ನಿಜ. ಆದರೆ ಅದನ್ನು ರುಜುವಾತು ಮಾಡುವಷ್ಟರಲ್ಲಿ ರಾಣೆಬೆನ್ನೂರಿನಂಥ ಊರಿನ ಡಾಕ್ಟರನ ಆಯುಷ್ಯ, ಆಸ್ತಿ ಎರಡೂ ಕೋರ್ಟಿನ ಕಟ್ಟೆ ಹತ್ತುವುದರಲ್ಲಿಯೇ ಮುಗಿದಾವು. ಕಂಪನಿಗೆ ವಕೀಲರ ಫೀಜು ಜಾಹೀರಾತಿನ ಖರ್ಚಿನಲ್ಲಿ ಒಂದು ಬಾಬು, ಅಷ್ಟೆ.

ಹಾಗಾದರೆ ಜಾಹೀರಾತಿನ ಸುಳ್ಳಿಗೆ ಕಾಯಿದೆಯೇ ಇಲ್ಲವೇ? ಇದೆ, ಹಳೆಯದೇ ಇದೆ. ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆ 1954ರಲ್ಲಿಯೇ ಬಂತು. ಸಕ್ಕರೆ ಕಾಯಿಲೆ, ಅರ್ಬುದ, ಮೂರ್ಛೆರೋಗ, ಕುರುಡುತನ, ರಕ್ತದೊತ್ತಡ ಮೊದಲಾದ 54 ರೋಗಗಳ ಪಟ್ಟಿ ಮಾಡಿ, ಇವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡಕೂಡದೆಂದಿತು. ಔಷಧದ ವ್ಯಾಪಾರಿಗಳು ನಮ್ಮ ವಾಕ್‌ಸ್ವಾತಂತ್ರ್ಯ ಹೋಯಿತೆಂದು ಸುಪ್ರೀಂ ಕೋರ್ಟಿಗೆ ಓಡಿದರು. ಹಮ್‌ದರ್ದ್ ದವಾಖಾನೆಯ ಆ ಮೊಕದ್ದಮೆಯಲ್ಲಿ 1959ರ ಡಿಸೆಂಬರಿನಲ್ಲಿ ತೀರ್ಪಾಯಿತು. ಮಾಲು ಮಾರಲು ಕೊಡುವ ಇಂಥ ಜಾಹೀರಾತು ವ್ಯಾಪಾರದ ಒಂದು ಭಾಗವೇ ಹೊರತು ಸಂವಿಧಾನ ಕಾಪಾಡುವ ವಾಕ್‌ಸ್ವಾತಂತ್ರ್ಯವಲ್ಲವೆಂದು ಕೋರ್ಟು ಹೇಳಿತು. ಅದೇ ತೀರ್ಪಿನಲ್ಲಿ, ಪಟ್ಟಿಗೆ ಬೇಕೆಂದ ರೋಗವನ್ನೆಲ್ಲ ತಾನೇ ಸೇರಿಸಿಕೊಳ್ಳುವ ಅಂಕೆಯಿಲ್ಲದ ಅಧಿಕಾರವನ್ನು ಸರಕಾರದ ಕೈಯಿಂದ ಕಿತ್ತುಕೊಂಡಿತು. ವ್ಯಾಪಾರಿಯ ಸುಳ್ಳಿಗೂ ಅಂಕೆ, ಸರಕಾರದ ಕೈಗೂ ಅಂಕೆ. ಅರವತ್ತು ವರ್ಷಗಳ ಹಿಂದೆಯೇ ಸ್ಪಷ್ಟವಾಗಿದ್ದ ಈ ವಿವೇಕ ಈಗಿನವರಿಗೆ ಮರೆತುಹೋಗಿದೆ.

ಆ ಕಾಯಿದೆಯ ಕೆಳಗೆ ನಮ್ಮ ಜಿಲ್ಲೆಯ ಗೋಡೆಗಳನ್ನು ಯಾರಾದರೂ ನೋಡಿದ್ದಾರೆಯೇ? ಬಸ್ ನಿಲ್ದಾಣದ ಮೂತ್ರಿಯ ಗೋಡೆಯಿಂದ ಹಿಡಿದು ಟೀವಿಯ ಮುಂಜಾನೆಯ ಕಾರ್ಯಕ್ರಮದವರೆಗೆ ಯಾವ ರೋಗಕ್ಕೆ ಗ್ಯಾರಂಟಿ ಇಲ್ಲ? ದೇಶಮಟ್ಟದಲ್ಲಿಯಾದರೂ ಏನಾಯಿತೆಂದು ನೋಡಿ. ಆಯುರ್ವೇದ, ಸಿದ್ಧ, ಯುನಾನಿ ಔಷಧಗಳ ಜಾಹೀರಾತಿಗೆ ಮೊದಲೇ ಪರವಾನಗಿ ಬೇಕೆಂಬ 170ನೇ ನಿಯಮವನ್ನು 2018ರಲ್ಲಿ ಸೇರಿಸಿದರು. 2023ರ ಆಗಸ್ಟಿನಲ್ಲಿ ಕೇಂದ್ರದ ಆಯುಷ್ ಮಂತ್ರಾಲಯವೇ ಅದರ ಮೇಲೆ ಕ್ರಮ ಬೇಡವೆಂದು ರಾಜ್ಯಗಳಿಗೆ ಪತ್ರ ಬರೆಯಿತು. 2024ರ ಜುಲೈ 1ರಂದು ನಿಯಮವನ್ನೇ ತೆಗೆದುಹಾಕಿತು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಹಾಕಿತು, 2025ರ ಆಗಸ್ಟಿನಲ್ಲಿ ಮೊಕದ್ದಮೆಯನ್ನೇ ಮುಗಿಸಿಬಿಟ್ಟಿತು. ಪತಂಜಲಿ ಕಂಪನಿಯ ರಾಮದೇವ ಮತ್ತು ಬಾಲಕೃಷ್ಣರು ಸುಳ್ಳು ಜಾಹೀರಾತಿನ ಪ್ರಕರಣದಲ್ಲಿ 2024ರ ಏಪ್ರಿಲಿನಲ್ಲಿ ಪತ್ರಿಕೆಗಳಲ್ಲಿ ಕ್ಷಮೆ ಕೇಳಿದರು. ಅದೂ ಕಾಯಿದೆ ಜಾರಿಮಾಡುವ ಅಧಿಕಾರಿಗಳ ಶ್ರಮದಿಂದಲ್ಲ, ಡಾಕ್ಟರುಗಳ ಸಂಘ ಕೋರ್ಟಿಗೆ ಹೋದುದರಿಂದ. ಇದ್ದ ಕಾಯಿದೆಯನ್ನು ತುಕ್ಕು ಹಿಡಿಸಿ ಮೂಲೆಗೆ ಎಸೆದವರು ಹೊಸ ಖಡ್ಗ ಕೊಡಿರೆಂದರೆ, ಅದು ಯಾರ ಕುತ್ತಿಗೆಗೆಂದು ಕೇಳಬೇಕಾಗುತ್ತದೆ.

ಸಣ್ಣ ವ್ಯಾಪಾರಿಗಳು ಇದನ್ನು ಕಾರ್ಮಿಕರ ಮಾತೆಂದು ಪುಟ ತಿರುವಬಾರದು. ನಿಮ್ಮ ಕಿರಾಣಿ ಅಂಗಡಿಯ ಮಾತೇ ಇದು. ವಾಂತಿಭೇದಿಯಾದ ಕೂಸಿಗೆ ಕೊಡುವ ಓ.ಆರ್.ಎಸ್. ಪುಡಿಗೆ ಒಂದು ಲೆಕ್ಕವಿದೆ: ಒಂದು ಲೀಟರ್ ನೀರಿಗೆ ಗ್ಲುಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಜೊತೆಗೆ ಇನ್ನೆರಡು ಲವಣಗಳು. ಸಕ್ಕರೆ ಇದಕ್ಕಿಂತ ಬಹಳ ಹೆಚ್ಚಾದರೆ ಭೇದಿ ನಿಲ್ಲುವ ಬದಲು ಹೆಚ್ಚುತ್ತದೆ. ಕಂಪನಿಗಳು ಈ ಲೆಕ್ಕದ ಹಲವು ಪಟ್ಟು ಸಕ್ಕರೆ ಹಾಕಿ, ಹಣ್ಣಿನ ಚಿತ್ರ ಬರೆಸಿ, ಹೆಸರಿನಲ್ಲಿ ಓ.ಆರ್.ಎಸ್. ಎಂಬ ಅಕ್ಷರಗಳನ್ನು ಸೇರಿಸಿ ಪೊಟ್ಟಣ ಮಾರಿದವು. ಹೈದರಾಬಾದಿನ ಮಕ್ಕಳ ಡಾಕ್ಟರು ಶಿವರಂಜನಿ ಸಂತೋಷ್ ಎಂಬವರು ವರ್ಷಗಟ್ಟಲೆ ಇದರ ವಿರುದ್ಧ ಕೂಗಿದರು, ಹೈಕೋರ್ಟಿಗೂ ಹೋದರು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2022ರ ಏಪ್ರಿಲಿನಲ್ಲಿ ಆ ಹೆಸರನ್ನು ಬೇಡವೆಂದಿತು. ಜುಲೈಯಲ್ಲಿ, ಇದು ವಿಶ್ವ ಆರೋಗ್ಯ ಸಂಸ್ಥೆಯ ಓ.ಆರ್.ಎಸ್. ಅಲ್ಲವೆಂದು ಪೊಟ್ಟಣದ ಮೇಲೆ ಒಂದು ಸಾಲು ಬರೆದರೆ ಸಾಕೆಂದು ಸಡಿಲಿಸಿತು. ಕೊನೆಗೆ 2025ರ ಅಕ್ಟೋಬರ್ 14ರಂದು ಆ ಸಡಿಲಿಕೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ನಡುವಿನ ಮೂರು ವರ್ಷ ಸರಕಾರಿ ಪರವಾನಗಿ ಯಾರ ಕೈಯಲ್ಲಿತ್ತು? ಕಂಪನಿಯ ಕೈಯಲ್ಲಿ. ಪರವಾನಗಿಯ ವಿರುದ್ಧ ಮಾತಾಡುತ್ತಿದ್ದವರು ಯಾರು? ಆ ಡಾಕ್ಟರಮ್ಮ. ಈ ಕರಡು ಆಗಲೇ ಕಾಯಿದೆಯಾಗಿದ್ದರೆ ಕಂಪನಿಯ ವಕೀಲರು ಮೊದಲ ಫಿರ್ಯಾದಿಯನ್ನು ಆಕೆಯ ಮೇಲೆಯೇ ಕೊಡುತ್ತಿದ್ದರೆಂಬುದರಲ್ಲಿ ನಮಗೆ ಸಂಶಯವಿಲ್ಲ. ಇನ್ನು ಪೊಟ್ಟಣ ತೆಗೆಸಲು ಬಂದ ಅಧಿಕಾರಿ ಮೊದಲು ನಿಲ್ಲುವುದು ಅಂಗಡಿಯ ಮುಂದೆ. ಕಂಪನಿಯ ಬಂಗಲೆಯ ವಿಳಾಸ ಅವನಿಗೆ ಗೊತ್ತಿರುವುದಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳಿಗೂ ಒಂದು ಮಾತು. ಮೆಣಸಿನ ಪುಡಿಗೆ ಸೂಡಾನ್ ಎಂಬ ವಿಷದ ಬಣ್ಣ ಬೆರೆಸುತ್ತಾರೆ, ತಿನ್ನಬೇಡಿರಿ ಎಂದು ಡಾಕ್ಟರೊಬ್ಬರು ಹೇಳಿದರೆ ಪೇಟೆ ಬಿದ್ದೀತೆಂದು ನಿಮಗೆ ಅಂಜಿಕೆ. ಅಂಜಿಕೆ ಸುಳ್ಳಲ್ಲ. 2003ರಲ್ಲಿ ಫ್ರಾನ್ಸಿನವರು ಭಾರತದ ಮೆಣಸಿನ ಪುಡಿಯಲ್ಲಿ ಆ ಬಣ್ಣ ಕಂಡುಹಿಡಿದರು. 2005ರಲ್ಲಿ ಇಂಗ್ಲಂಡಿನ ಅಂಗಡಿಗಳಿಂದ ನೂರಾರು ಬಗೆಯ ತಿನಿಸುಗಳನ್ನು ಹಿಂದಕ್ಕೆ ತೆಗೆಸಿದರು. ಆದರೆ ಆ ಕೃತಕ ಬಣ್ಣದಿಂದ ಹೆಚ್ಚು ನಷ್ಟ ಯಾರಿಗೆ? ತಾನೇ ಕೆಂಪಾಗಿರುವ ಕಾಯಿ ಬೆಳೆಯುವವರಿಗೆ, ಮಾರುವವರಿಗೆ! ಬ್ಯಾಡಗಿ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತಲ್ಲ, ಅದರ ಬೆಲೆಯೇ ಆ ಬಣ್ಣದ್ದು. ಹತ್ತು ರೂಪಾಯಿಯ ಬಣ್ಣ ಬೆರೆಸಿ ಕಳಪೆ ಕಾಯಿಯನ್ನು ಬ್ಯಾಡಗಿ ಎಂದು ಮಾರುವವನ ಗುಟ್ಟನ್ನು ರಟ್ಟು ಮಾಡುವ ಡಾಕ್ಟರು ಪ್ರಾಮಾಣಿಕ ಅಡತಿಯವನಿಗೆ ಶತ್ರುವೇ? ಆತನ ಬಾಯಿ ಮುಚ್ಚಿಸಿರೆಂದು ನೀವೇ ಸರಕಾರಕ್ಕೆ ಅರ್ಜಿ ಹಾಕಿದರೆ, ನಿಮ್ಮ ಗಿರಾಕಿಯನ್ನು ಬಣ್ಣದವನ ಅಂಗಡಿಗೆ ನೀವೇ ಕಳಿಸಿದಂತೆ.

ಇಷ್ಟು ಹೊತ್ತು ಡಾಕ್ಟರ ಪರವಾಗಿ ಮಾತಾಡಿದೆವು. ಡಾಕ್ಟರೆಂದರೆ ದೇವರೇ ಎಂದು ರಾಣೆಬೆನ್ನೂರಿನ ತಾಂಡಾಗಳ ಹೆಣ್ಣುಮಕ್ಕಳು ಕೇಳಿದರೆ ಏನು ಉತ್ತರ ಕೊಡೋಣ?

2014ರಿಂದ 2017ರವರೆಗೆ ರಾಣೆಬೆನ್ನೂರಿನ ಸರಕಾರಿ ಆಸ್ಪತ್ರೆಯಲ್ಲಿ 1,522 ಹೆಂಗಸರ ಗರ್ಭಕೋಶ ತೆಗೆಯಲಾಯಿತೆಂದು ವರದಿಯಾಗಿದೆ. ಅವರಲ್ಲಿ ಬಹಳ ಮಂದಿ ಲಂಬಾಣಿಗರು, ಕೂಲಿಯವರು, ನಲವತ್ತು ಮುಟ್ಟದವರು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದರೆ ಗರ್ಭಕೋಶ ಕೆಟ್ಟಿದೆ, ತೆಗೆಸದಿದ್ದರೆ ಜೀವಕ್ಕೆ ಅಪಾಯವೆಂದು ಹೆದರಿಸಿದರೆಂಬುದು ಅವರ ದೂರು. ಆಪರೇಷನ್ ಆದ ಮೇಲೆ ನಡು ಬಿದ್ದುಹೋಯಿತು, ಹೊಲದಲ್ಲಿ ಬಗ್ಗಲು ಆಗದು, ಭಾರ ಎತ್ತಲು ಆಗದು, ಕೂಲಿಗೆ ಕರೆಯುವವರಿಲ್ಲ. ಪ್ರತಿಭಟನೆಗಳಾದವು, ತನಿಖೆಗಳಾದವು. 2023ರ ಆರಂಭದಲ್ಲಿ ಆ ಹೆಂಗಸರು ಪರಿಹಾರ ಕೇಳಿಕೊಂಡು ಆಗಿನ ಮುಖ್ಯಮಂತ್ರಿಗಳ ಕ್ಷೇತ್ರವಾದ ಶಿಗ್ಗಾವಿಯ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟರು. ನಡೆಯಲು ಆಗದ ನಡು ಹೊತ್ತುಕೊಂಡು ನಡೆದರು. 2015ರಲ್ಲಿ ಕಲಬುರಗಿ ಜಿಲ್ಲೆಯ ಖಾಸಗಿ ಆಸ್ಪತ್ರೆಗಳ ಮೇಲೂ ಇಂಥದೇ ಆರೋಪ ಬಂದಿತ್ತು, ಅಲ್ಲಿಯೂ ಸಿಕ್ಕಿದವರು ಹೆಚ್ಚಾಗಿ ಲಂಬಾಣಿ, ದಲಿತ ಹೆಂಗಸರೇ.

ಈ ಹೆಂಗಸರು ಹೇಳುವುದು ನಿಜವಾದರೆ, ಇದಕ್ಕಿಂತ ದೊಡ್ಡ ತಪ್ಪು ಮಾಹಿತಿ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಆದರೆ ಇದು ಜಾಲತಾಣದಲ್ಲಿ ಹಬ್ಬಿದ್ದಲ್ಲ. ಪರದೆಯ ಹಿಂದೆ, ಬಿಳಿಕೋಟಿನ ಬಾಯಿಂದ, ಸರಕಾರಿ ಮೊಹರಿನ ಚೀಟಿಯ ಮೇಲೆ ಬಂದದ್ದು. ಮಂತ್ರಿಯ ಪ್ರಾಧಿಕಾರ ಫೋನುಗಳನ್ನು ತಡಕಾಡುತ್ತ ಕುಳಿತರೆ ಇದು ಅದರ ಕಣ್ಣಿಗೆ ಬೀಳುವುದು ಹೇಗೆ? ಇದನ್ನು ನಿಲ್ಲಿಸಬಹುದಾಗಿದ್ದುದು ಒಂದೇ: ಅದೇ ಊರಿನ ಇನ್ನೊಬ್ಬ ಡಾಕ್ಟರು, ಅದೇ ಆಸ್ಪತ್ರೆಯ ನರ್ಸು, "ಈ ವಯಸ್ಸಿಗೆ ಇಷ್ಟೊಂದು ಗರ್ಭಕೋಶ ಯಾಕೆ?" ಎಂದು ಗಟ್ಟಿಯಾಗಿ ಕೇಳುವುದು. ಮೂರು ವರ್ಷ, ಸಾವಿರದೈನೂರು ಆಪರೇಷನ್. ಕಂಡವರು ಇರಲೇಬೇಕು. 2002ರ ವೈದ್ಯರ ನಡತೆ ನಿಯಮಗಳ ಮೊದಲ ಅಧ್ಯಾಯದಲ್ಲಿಯೇ, ವೃತ್ತಿಯವರ ಅಪ್ರಾಮಾಣಿಕ, ಅನೀತಿಯ ನಡತೆಯನ್ನು ಭಯವಿಲ್ಲದೆ, ದಾಕ್ಷಿಣ್ಯವಿಲ್ಲದೆ ಬಯಲಿಗೆಳೆಯಬೇಕೆಂದಿದೆ. ಭಯವಿಲ್ಲದೆ ಎಂದು ಬರೆದರೆ ಭಯ ಹೋದೀತೇ? ಮೇಲಧಿಕಾರಿಯ ಭಯ, ಮಾನಹಾನಿ ಮೊಕದ್ದಮೆಯ ಭಯ, ಊರಿನ ದೊಡ್ಡವರ ಭಯ ಇದ್ದೇ ಇದೆ. ಅದರ ಮೇಲೆ ಐದು ವರ್ಷ ಸಜೆಯ ಭಯವನ್ನೂ ಹೇರಿದರೆ, ತಾಂಡಾದ ಹೆಣ್ಣುಮಗಳ ಪರವಾಗಿ ಬಾಯಿ ಬಿಡುವ ಡಾಕ್ಟರು ಎಲ್ಲಿಂದ ಬರಬೇಕು?

ಆದುದರಿಂದ ರೋಗಿಯ ಎದುರಿಗೆ ಆಡಿದ ಮಾತಿಗೆ ಡಾಕ್ಟರು ಹೊಣೆಗಾರನಾಗಲೇಬೇಕು, ಅದಕ್ಕೆ ವಾಕ್‌ಸ್ವಾತಂತ್ರ್ಯದ ಮರೆ ಸಲ್ಲದು. ಆದರೆ ಅಲ್ಲಿಯೂ ಕಾಯಿದೆ ಎಚ್ಚರದಿಂದ ಹೆಜ್ಜೆಯಿಡಬೇಕು. ಅಮೆರಿಕದ ಕ್ಯಾಲಿಫೋರ್ನಿಯದವರು 2022ರಲ್ಲಿ, ಕೋವಿಡ್ ವಿಚಾರದಲ್ಲಿ ಆ ಹೊತ್ತಿನ ವಿಜ್ಞಾನದ ಒಮ್ಮತಕ್ಕೆ ವಿರುದ್ಧವಾದ ತಪ್ಪು ಮಾಹಿತಿಯನ್ನು ರೋಗಿಗೆ ಕೊಟ್ಟ ಡಾಕ್ಟರ ಮೇಲೆ ಶಿಸ್ತುಕ್ರಮವೆಂದು ಕಾಯಿದೆ ಮಾಡಿದರು. ಒಮ್ಮತವೆಂದರೆ ಯಾವುದು, ಯಾರದು ಎಂಬುದು ಸ್ಪಷ್ಟವಿಲ್ಲವೆಂದು ಅಲ್ಲಿಯ ನ್ಯಾಯಾಧೀಶರು 2023ರ ಜನವರಿಯಲ್ಲಿ ತಡೆ ಕೊಟ್ಟರು. ಅದೇ ವರ್ಷ ಶಾಸನಸಭೆಯವರೇ ಅದನ್ನು ರದ್ದು ಮಾಡಿದರು. ರೋಗಿಗೆ ಹಾನಿಯಾಯಿತೇ, ಬೇಡದ ಕೊಯ್ಲು ಮಾಡಿದರೇ, ದುಡ್ಡಿನ ಆಸೆಯಿತ್ತೇ ಎಂದು ನೋಡಬೇಕೇ ಹೊರತು ಒಮ್ಮತಕ್ಕೆ ತಲೆಬಾಗಿದರೇ ಎಂದಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ, ಕೈ ತೊಳೆದು ಬಾಣಂತಿಯನ್ನು ಮುಟ್ಟಿರೆಂದ ಸೆಮ್ಮೆಲ್‌ವೈಸ್ ಒಮ್ಮತಕ್ಕೆ ವಿರುದ್ಧವಾಗಿಯೇ ಇದ್ದ.

ಗಿರಣಿಯ ಕಾರ್ಮಿಕರಿಗೆ ಈ ವಿಷಯ ಎಷ್ಟು ಹತ್ತಿರದ್ದೆಂದು ಹೇಳದೆ ಮುಗಿಸಲಾಗದು. ಹತ್ತಿ ಜಿನ್ನಿಂಗ್, ನೂಲಿನ ಗಿರಣಿಗಳಲ್ಲಿ ವಾರದ ರಜೆ ಮುಗಿಸಿ ಮೊದಲ ದಿನ ಕೆಲಸಕ್ಕೆ ಹೋದಾಗ ಎದೆ ಬಿಗಿಯುತ್ತದೆ, ದಮ್ಮು ಬರುತ್ತದೆ, ಎರಡು ದಿನದಲ್ಲಿ ಕಡಮೆಯಾಗುತ್ತದೆ. ವರ್ಷಗಳು ಕಳೆದಂತೆ ವಾರವಿಡೀ ಉಳಿಯುತ್ತದೆ. ಇದು ಹತ್ತಿಯ ಧೂಳಿನ ರೋಗ. ಇಂಗ್ಲಂಡಿನ ಲ್ಯಾಂಕಷೈರ್ ಗಿರಣಿಗಳಲ್ಲಿ ಇದನ್ನು ಸೋಮವಾರದ ಜ್ವರವೆಂದೇ ಕರೆಯುತ್ತಿದ್ದರು. ಬಿಸಿನೋಸಿಸ್ ಎಂಬುದು ಅದರ ಶಾಸ್ತ್ರದ ಹೆಸರು, ಪರಿಹಾರ ಕೊಡಬೇಕಾದ ರೋಗಗಳ ಪಟ್ಟಿಯಲ್ಲಿ ಅದು ಇದೆ. ಬ್ಯಾಡಗಿಯಲ್ಲಿ ದಿನವಿಡೀ ಮೆಣಸಿನಕಾಯಿ ತುಂಬು ಬಿಡಿಸುವ ಹೆಂಗಸರ ಕೆಮ್ಮಿಗೂ, ಉರಿಯುವ ಕಣ್ಣಿಗೂ ಇನ್ನೂ ಸರಿಯಾದ ಹೆಸರನ್ನು ಯಾರೂ ಬರೆದುಕೊಟ್ಟಿಲ್ಲ. ದವಾಖಾನೆಗೆ ಹೋದರೆ ಚೀಟಿಯ ಮೇಲೆ "ದಮ್ಮು" ಎಂದು ಬರೆಯುತ್ತಾರೆ, ಬೀಡಿ ಬಿಡು ಎನ್ನುತ್ತಾರೆ. ಬೀಡಿ ಸೇದದ ಹೆಂಗಸಿಗೂ ಹಾಗೆಯೇ ಹೇಳಿಯಾರು! ದಮ್ಮು ಎಂದು ಬರೆದರೆ ರೋಗ ಕಾರ್ಮಿಕನದು. ಧೂಳಿನ ರೋಗವೆಂದು ಬರೆದರೆ ಹೊಣೆ ಧಣಿಯದು. ಚೀಟಿಯ ಮೇಲಿನ ಒಂದು ಶಬ್ದದಲ್ಲಿ ಇರುವ ಅಂತರ ಇಷ್ಟು.

1948ರ ಕಾರ್ಖಾನೆ ಕಾಯಿದೆಯ 89ನೇ ಕಲಮು, ಇಂಥ ರೋಗ ಕಂಡ ಡಾಕ್ಟರು ಕಾರ್ಖಾನೆಗಳ ಮುಖ್ಯ ತನಿಖಾಧಿಕಾರಿಗೆ ತಡಮಾಡದೆ ಬರೆದು ತಿಳಿಸಬೇಕೆಂದಿತ್ತು. ಅದರ ಜಾಗಕ್ಕೆ ಬಂದ 2020ರ ಸಂಹಿತೆಯಲ್ಲಿಯೂ ಆ ಕರ್ತವ್ಯ ಉಳಿದಿದೆ. ಸತ್ಯ ಹೇಳುವುದು ಡಾಕ್ಟರ ಹಕ್ಕು ಮಾತ್ರವಲ್ಲ, ಕಾನೂನು ಹೊರಿಸಿದ ಕೆಲಸವೆಂದು ಇದರ ಅರ್ಥ. ಹೇಳದ ಡಾಕ್ಟರನ್ನು ಯಾರೂ ಕೇಳಿದ್ದಿಲ್ಲ. ಹೇಳುವ ಡಾಕ್ಟರ ಮೇಲೆ ಗಿರಣಿಯ ಮಾಲೀಕ "ನಮ್ಮ ಕಾರ್ಖಾನೆಯ ಬಗ್ಗೆ ಸುಳ್ಳು ಹಬ್ಬಿಸಿದ" ಎಂದು ಫಿರ್ಯಾದಿ ಕೊಡಲು ಹೊಸ ಕರಡು ದಾರಿ ಮಾಡಿಕೊಡುತ್ತದೆ.

ಕಾರ್ಮಿಕ ಸಂಘಗಳೂ ವ್ಯಾಪಾರಿಗಳ ಸಂಘಗಳೂ ಜಿಲ್ಲೆಯ ಶಾಸಕರನ್ನು ಕಂಡು ಬರವಣಿಗೆಯಲ್ಲಿ ಕೇಳಬೇಕಾದ ಸಂಗತಿಗಳಿವೆ. ತಪ್ಪು ಮಾಹಿತಿಯ ಯಾವ ಮಸೂದೆ ಬಂದರೂ, ಮಾಲು ಮಾರದ, ಅದರಿಂದ ದುಡ್ಡು ಪಡೆಯದ ಡಾಕ್ಟರು, ನರ್ಸು, ಆಶಾ ಕಾರ್ಯಕರ್ತೆ ಸಾರ್ವಜನಿಕ ಹಿತಕ್ಕಾಗಿ ಕೊಟ್ಟ ಎಚ್ಚರಿಕೆಗೆ ಜೈಲು ಶಿಕ್ಷೆ ಇರಕೂಡದು. ಆ ಎಚ್ಚರಿಕೆ ತಪ್ಪೆಂದು ತೋರಿದರೆ ಪುರಾವೆಯೊಂದಿಗೆ ತಿದ್ದುಪಡಿ ಪ್ರಕಟವಾಗಲಿ, ವೈದ್ಯಕೀಯ ಪರಿಷತ್ತು ಬಹಿರಂಗವಾಗಿ ವಿಚಾರಣೆ ಮಾಡಲಿ. 2021ರ ನಡತೆ ನಿಯಮಗಳಿಗೆ ರೋಗಿಗಳ ಪ್ರಾಣದ ವಿಷಯದಲ್ಲಿ ಒಂದು ವಿನಾಯಿತಿ ಸೇರಬೇಕು. 1954ರ ಕಾಯಿದೆಯ ಕೆಳಗೆ ಹಾವೇರಿ ಜಿಲ್ಲೆಯಲ್ಲಿ ಇದುವರೆಗೆ ಎಷ್ಟು ಮೊಕದ್ದಮೆ ಹೂಡಿದ್ದೀರೆಂದು ಔಷಧ ಇಲಾಖೆಯವರು ಲೆಕ್ಕ ಕೊಡಬೇಕು. ಲೆಕ್ಕ ಕೇಳುವುದಕ್ಕೆ ಮಾಹಿತಿ ಹಕ್ಕಿನ ಹತ್ತು ರೂಪಾಯಿ ಸಾಕು, ಶಾಸಕರೂ ಬೇಕಾಗಿಲ್ಲ. ಸರಕಾರಿ ಆಸ್ಪತ್ರೆಗೆ ಬರುವ ಪ್ರತಿಯೊಂದು ಔಷಧ, ಸಲಾಯಿನಿನ ಬ್ಯಾಚು ಸಂಖ್ಯೆ, ಅದರ ಪರೀಕ್ಷೆಯ ಫಲಿತಾಂಶ, ಎರಡು ಪ್ರಯೋಗಾಲಯ ಎರಡು ಮಾತು ಹೇಳಿದ್ದರೆ ಆ ಎರಡೂ ಮಾತು, ಕನ್ನಡದಲ್ಲಿ ಬರೆದು ಔಷಧ ಕೊಡುವ ಕಿಟಕಿಯ ಪಕ್ಕದಲ್ಲಿ ಅಂಟಿಸಬೇಕು. ಹೆರಿಗೆ ವಾರ್ಡಿನ ಬಾಗಿಲಲ್ಲಿಯೂ ಅಂಟಿಸಬೇಕು.

ರಾಣೆಬೆನ್ನೂರಿನ ಹೆಂಗಸರ ಪರಿಹಾರದ ಮಾತನ್ನೂ ಅದೇ ಅರ್ಜಿಯಲ್ಲಿ ಬರೆಯಿರಿ. ಆಪರೇಷನ್ನಿಗೆ ಮೊದಲು ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕಡ್ಡಾಯವಾಗಬೇಕೆಂದು, ಅದನ್ನು ಅವರ ಭಾಷೆಯಲ್ಲಿ ಹೇಳಬೇಕೆಂದು ಬರೆಯಿರಿ. ಲಂಬಾಣಿ ಮಾತು ಬರುವ ನರ್ಸು, ಆಶಾ ಕಾರ್ಯಕರ್ತೆಯರು ನಮ್ಮ ಜಿಲ್ಲೆಯಲ್ಲಿ ಹುಡುಕಿದರೆ ಸಿಗದವರೇನಲ್ಲ.